ಎರಡು ಹೆಣ್ಣುಮೊಲಗಳ ಸಖ್ಯ

ಹೂಡಿಯ ಬಹುಮಹಡಿ ಮನೆಯೊಂದರಲ್ಲಿ ಹೆಣ್ಣುಮೊಲವನ್ನು ಸಾಕಿದವರು, ಜೊತೆಯಾಗಲೆಂದು ಇನ್ನೊಂದನ್ನು ತಂದು ಅದೇ ಗೂಡಿಗೆ ಬಿಟ್ಟರೆನ್ನೋಣ. ಸಾಧುವೆಂದು ನಾವು ತಿಳಿದಿರುವ ಈ ಪ್ರಾಣಿಗಳು ಪರಸ್ಪರ ಚರ್ಮ ಸೀಳುವಂತೆ ಕಚ್ಚಾಡಬಲ್ಲವು.

ಕಾರಣವು ಅವುಗಳ ಪೂರ್ವಜರ ಬಾಳಿನಲ್ಲಿದೆ. ನಮ್ಮ ಹೊಲಗಳ ಕಾಡುಮೊಲಕ್ಕೂ ಸಾಕುಮೊಲಕ್ಕೂ ಹೆಸರೊಂದೇ, ಕುಲ ಬೇರೆ. ಕಾಡುಮೊಲ ಬಿಲ ತೋಡದು. ಅದರ ಮರಿ ಕಣ್ದೆರೆದೇ ಹುಟ್ಟುತ್ತದೆ. ಸಾಕುಮೊಲವಾದರೋ ಯೂರೋಪಿನ ಬಿಲವಾಸಿ ಮೊಲದ ಸಂತತಿ. ಅದರ ಮರಿಗಳು ಕಣ್ಣು ಮುಚ್ಚಿಕೊಂಡು, ಕೂದಲಿಲ್ಲದೆ ಹುಟ್ಟುವುದರಿಂದ ಅವುಗಳಿಗೆ ಬಿಲವೇ ಆಶ್ರಯ. ಆದಕಾರಣ ಒಳ್ಳೆಯ ಬಿಲಕ್ಕಾಗಿ ಹೆಣ್ಣುಗಳೇ ಹೋರಾಡುತ್ತವೆ. ಮಹಡಿಯ ಮೇಲೆ ಬಿಲವೆಲ್ಲಿ ಎಂದು ವಾಚಕರು ಕೇಳಬಹುದು. ಗೂಡಿನ ಒಂದು ಮೂಲೆಯೇ ಸಾಕು!

ಮೊಲಗಳ ಅನುಭವವುಳ್ಳ ಪಶುವೈದ್ಯರಿಂದ ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಮೊದಲ ಉಪಾಯ. ವಯಸ್ಸಾದ ಹೆಣ್ಣುಮೊಲಗಳನ್ನು ಬಹುವಾಗಿ ಕಾಡುವ ಗರ್ಭಕೋಶದ ಅರ್ಬುದರೋಗವೂ ಇದರಿಂದ ತಪ್ಪುತ್ತದೆ. ಹಾರ್ಮೋನುಗಳು ಇಳಿಯಲು ಕೆಲವು ವಾರಗಳು ಬೇಕು. ಅಷ್ಟರಲ್ಲಿ ಗೂಡುಗಳನ್ನು ಮೂತಿ ತಾಗದಷ್ಟು ಅಂತರದಲ್ಲಿ ಎದುರುಬದುರಾಗಿರಿಸಿ, ಹಾಸಿದ ಹುಲ್ಲನ್ನು ಅದಲುಬದಲು ಮಾಡಬೇಕು. ಗದ್ದವನ್ನುಜ್ಜಿ ವಾಸನೆಯಿಂದ ತನ್ನ ಎಲ್ಲೆಯನ್ನು ಗುರುತಿಸುವ ಪ್ರಾಣಿಗೆ ಪರಿಚಯವೂ ಮೂಗಿನಿಂದಲೇ ಆಗತಕ್ಕದ್ದು.

ಮೊದಲ ಭೇಟಿ ಎರಡಕ್ಕೂ ಹೊಸದಾದ ಸ್ಥಳದಲ್ಲಿ, ಉದಾಹರಣೆಗೆ ಚಾಪೆ ಹಾಸಿದ ಬಚ್ಚಲುಮನೆಯಲ್ಲಿ, ಕೆಲವೇ ನಿಮಿಷ ನಡೆಯಲಿ. ಒಂದು ಇನ್ನೊಂದರ ಬೆನ್ನೇರಿದರೆ ಗಾಬರಿ ಬೇಡ. ಅದು ಹಿರಿತನದ ಇತ್ಯರ್ಥ. ಕಿವಿಗಳನ್ನು ಹಿಂದಕ್ಕೊತ್ತಿ, ಬಾಲವೆತ್ತಿ ನುಗ್ಗಿದರೆ ಮಾತ್ರ ದಪ್ಪ ಟವೆಲನ್ನು ನಡುವೆ ಹಾಕಿ ಬೇರ್ಪಡಿಸಬೇಕು. ಬರಿಗೈ ಚಾಚಿದವರಿಗೆ ಕಡಿತ ಖಂಡಿತ. ದಿನಗಳುರುಳಿ, ಒಂದರ ಹಣೆಯನ್ನು ಇನ್ನೊಂದು ನೆಕ್ಕುತ್ತ ಒತ್ತೊತ್ತಾಗಿ ಮಲಗತೊಡಗಿದ ಬಳಿಕ, ಚೆನ್ನಾಗಿ ತೊಳೆದ ಒಂದೇ ಗೂಡನ್ನು ಕೊಡಬಹುದು. ತಿಂಗಳುಗಳಾದರೂ ಒಗ್ಗದ ಜೋಡಿಗಳೂ ಉಂಟು. ಅವುಗಳನ್ನು ಅಕ್ಕಪಕ್ಕದ ಗೂಡುಗಳಲ್ಲಿ ನೆರೆಯವರಾಗಿರಿಸುವುದೇ ಲೇಸು.