ಯಾರ ಜೊತೆಗೂ, ಯಾವುದೋ ಊರಿಗೆ: ಅನಿರ್ದಿಷ್ಟ ಸರ್ವನಾಮಗಳಲ್ಲಿ ನಿಪಾತದ ಸ್ಥಾನ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳ ಕಾಲೇಜುಗಳಲ್ಲಿ ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದುವವರಿಗೆ ‘ಎನಿಒನ್ ಡಿಡ್ ನಾಟ್ ಕಮ್’ ಎಂಬ ವಾಕ್ಯ ಹೊಸದಲ್ಲ. ‘ಐ ಡಿಡ್ ನಾಟ್ ಗೋ ವಿತ್ ನೋ ಒನ್’ ಎಂಬುದೂ ಅಷ್ಟೇ ಪರಿಚಿತ. ಇಂಥವನ್ನು ಕಂಡೊಡನೆ ‘ಮನೆಯ ತೆಲುಗಿನ ಪ್ರಭಾವ’ ಎಂದು ಷರಾ ಬರೆಯುವ ರೂಢಿಯೊಂದಿದೆ. ಗಡಿಭಾಗದ ಈ ತಾಲೂಕುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿ ಸಾಮಾನ್ಯ. ಮಾಲೂರಿನ ತೆಂಕಣ ಅಂಚಿನಲ್ಲಿ ತಮಿಳೂ ಸೇರಿಕೊಳ್ಳುತ್ತದೆ. ಹೀಗಿರುವಾಗ ಮನೆಮಾತನ್ನು ದೂರುವುದು ಸುಲಭ. ಆದರೆ ಅನಿರ್ದಿಷ್ಟ ಸರ್ವನಾಮಗಳ ಮಟ್ಟಿಗೆ ಆ ದೂರಿಗೆ ಆಧಾರವಿಲ್ಲವೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ. ಉದಾಹರಣೆಯ ವಾಕ್ಯಗಳು ನಾವೇ ರಚಿಸಿದವು.

ಕನ್ನಡದ ಅನಿರ್ದಿಷ್ಟ ಸರ್ವನಾಮಗಳು ಪ್ರಶ್ನಾರ್ಥಕಗಳಿಗೆ ಓ, ಊ, ಆದರೂ ಎಂಬ ಮೂರು ನಿಪಾತಗಳು ಸೇರಿ ಆಗುತ್ತವೆ: ಯಾರೋ, ಯಾರೂ, ಯಾರಾದರೂ. ಮಾರ್ಟಿನ್ ಹಾಸ್ಪೆಲ್‌ಮಾತ್ 1997ರಲ್ಲಿ ಈ ವಿಷಯದ ಮೇಲೆ ಪ್ರಕಟಿಸಿದ ಗ್ರಂಥದಲ್ಲಿ ಸವಿವರವಾಗಿ ಪರಿಶೀಲಿಸಿದ 40 ಭಾಷೆಗಳಲ್ಲಿ ಕನ್ನಡವೂ ಒಂದು. ಪ್ರಶ್ನಾರ್ಥಕಗಳೆಂದು ನಾವು ಕರೆಯುವ ಪದಗಳ ಮೂಲಾರ್ಥ ಪ್ರಶ್ನೆಯಲ್ಲ, ಅರಿವಿನ ಕೊರತೆಯಷ್ಟೇ ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಆ ವಾದವನ್ನು ಒಪ್ಪಿದರೆ ‘ಯಾರು’ ಎಂಬುದರ ಕೊರತೆಯನ್ನು ಯಾವ ಬಗೆಯಲ್ಲಿ ತೆಗೆದುಕೊಳ್ಳಬೇಕೆಂದು ಹೇಳುವ ಕೆಲಸ ನಿಪಾತದ್ದಾಗುತ್ತದೆ. ನಮ್ಮ ಪ್ರಶ್ನೆ ಮಾತ್ರ ಇನ್ನೂ ಸಣ್ಣದು: ಆ ನಿಪಾತ ಎಲ್ಲಿ ಕೂರುತ್ತದೆ?

‘ಯಾರು’ ಎಂಬುದಕ್ಕೆ ವಿಭಕ್ತಿ ಪ್ರತ್ಯಯವಾಗಲಿ ಪರಸರ್ಗವಾಗಲಿ ಸೇರಿದಾಗ ನಿಪಾತವು ಅದನ್ನೂ ದಾಟಿ ಹೊರಗೆ ನಿಲ್ಲುತ್ತದೆ. ಯಾರಿಗೋ ಎನ್ನುತ್ತೇವೆ, ಯಾರೋಗೆ ಎನ್ನುವುದಿಲ್ಲ. ಹಾಗೆಯೇ ಯಾರ ಜೊತೆಗೂ, ಯಾರ ಬಗ್ಗೆಯೋ, ಯಾರಿಂದಲಾದರೂ. ಹಳಗನ್ನಡದ ‘ಆರ್ಗಂ’ ಎಂಬ ರೂಪದಲ್ಲೂ ಚತುರ್ಥಿಯ ಆಚೆಗೇ ಉಂ ನಿಂತಿದೆ. ಈ ಸ್ಥಾನವನ್ನು ಬದಲಿಸಿದರೆ ಅರ್ಥವೇ ಬದಲಾಗುವುದುಂಟು. ‘ಯಾರ ಜೊತೆಗೂ ಹೋಗಲಿಲ್ಲ’ ಎಂಬಲ್ಲಿ ಒಬ್ಬ ವ್ಯಕ್ತಿ ಒಂಟಿಯಾಗಿ ಹೋದ, ಇಲ್ಲವೇ ಹೋಗಲೇ ಇಲ್ಲ. ‘ಯಾರೂ ಜೊತೆಗೆ ಹೋಗಲಿಲ್ಲ’ ಎಂದರೆ ಜೊತೆಗೂಡಬೇಕಾದವರು ಕೈಬಿಟ್ಟರು ಎಂದಾಗುತ್ತದೆ. ಅಲ್ಲಿ ‘ಯಾರೂ’ ಕರ್ತೃ, ‘ಜೊತೆಗೆ’ ಬರಿಯ ಕ್ರಿಯಾವಿಶೇಷಣ.

ತೆಲುಗಿನಲ್ಲಿ ಇವೇ ರೂಪಗಳು ಎವರಿತೋನೋ, ಎವರಿತೋನೂ, ಎವರಿತೋನೈನಾ. ತಮಿಳಿನಲ್ಲಿ ಯಾರೋಡೋ, ಯಾರೋಡುಂ, ಯಾರೋಡಾವದು. ಮೂರರಲ್ಲೂ ಮೊದಲು ಪ್ರಶ್ನಾರ್ಥಕ, ನಂತರ ಸಂಬಂಧಸೂಚಕ, ಕೊನೆಗೆ ನಿಪಾತ. ಕನ್ನಡದ ‘ಆದರೂ’ ಆಗು ಧಾತುವಿನಿಂದ ಬಂದಂತೆ ತೆಲುಗಿನ ‘ಐನಾ’ ಕೂಡ ಅದೇ ಅರ್ಥದ ಅವು ಧಾತುವಿನಿಂದ ಬಂದದ್ದು. ಮುಳಬಾಗಿಲಿನ ತೆಲುಗು ಮನೆಯ ಮಗು ಶಾಲೆಗೆ ಬಂದಾಗ ಪದಗಳನ್ನು ಕಲಿಯಬೇಕು. ಅವುಗಳ ಕ್ರಮವನ್ನು ಹೊಸದಾಗಿ ಕಲಿಯಬೇಕಾಗಿಲ್ಲ, ಅದು ಮನೆಯಿಂದಲೇ ಬಂದಿರುತ್ತದೆ. ಸಂಸ್ಕೃತದ ‘ಅಪಿ’ಗೂ ದ್ರಾವಿಡದ ‘ಉಂ’ಗೂ ಇರುವ ಸಾಮ್ಯವನ್ನು ಎಂ. ಬಿ. ಎಮೆನೋ ಚರ್ಚಿಸಿರುವುದು ಪ್ರಸಿದ್ಧ. ಅಲ್ಲಿಯೂ ಒಂದು ವ್ಯತ್ಯಾಸವಿದೆ: ‘ಕೇನಾಪಿ ಸಹ’ ಎಂಬಲ್ಲಿ ಅಪಿ ವಿಭಕ್ತಿಯನ್ನು ದಾಟುತ್ತದೆ, ‘ಸಹ’ವನ್ನು ದಾಟುವುದಿಲ್ಲ. ಕನ್ನಡ, ತೆಲುಗು, ತಮಿಳುಗಳಲ್ಲಿ ಇಂಥ ಸಂಬಂಧಸೂಚಕವೂ ನಿಪಾತದ ಒಳಗೇ ಉಳಿಯುತ್ತದೆ.

ನಾಮಪದದ ಹಿಂದೆ ‘ಯಾವ’ ವಿಶೇಷಣವಾಗಿ ಬಂದಾಗ ಚಿತ್ರ ಜಟಿಲವಾಗುತ್ತದೆ. ಈ ಭಾಗ ವಿಸ್ತಾರವಾದ ಗಮನಕ್ಕೆ ಅರ್ಹ. ‘ಯಾವ ಊರಿಗೋ ಹೋದ’ ಎನ್ನಬಹುದು, ‘ಯಾವುದೋ ಊರಿಗೆ ಹೋದ’ ಎಂದೂ ಎನ್ನಬಹುದು. ಓ ಪದಪುಂಜದ ಕೊನೆಗೆ ಹೋಗಬಹುದು, ವಿಶೇಷಣದ ಬಳಿಯೇ ನಿಂತುಬಿಡಬಹುದು. ಆದರೂ ಎಂಬುದಕ್ಕೂ ಈ ಸ್ವಾತಂತ್ರ್ಯವಿದೆ, ಅರ್ಥಛಾಯೆ ಮಾತ್ರ ಬೇರೆ: ‘ಯಾವುದಾದರೂ ಊರಿಗೆ ಹೋಗು’ ಎಂದರೆ ಒಂದು ಊರನ್ನು ಆರಿಸಿಕೋ ಎಂಬ ಸೂಚನೆ ಮುಂದಾಗುತ್ತದೆ, ‘ಯಾವ ಊರಿಗಾದರೂ ಹೋಗು’ ಎಂದರೆ ಯಾವುದಾದರೂ ನನಗೆ ಒಂದೇ ಎಂಬ ಧ್ವನಿ. ಊ ಮಾತ್ರ ಹಟಮಾರಿ. ‘ಯಾವ ಊರಿಗೂ ಹೋಗಲಿಲ್ಲ’ ಎಂಬುದೊಂದೇ ಸರಿ. ‘ಯಾವುದೂ ಊರಿಗೆ ಹೋಗಲಿಲ್ಲ’ ಎಂಬ ವಾಕ್ಯ ಬಸ್ಸುಗಳ ಕುರಿತ ಮಾತಾಗಿದ್ದರೆ ಒಪ್ಪಿತ; ನಮಗೆ ಬೇಕಾದ ಅರ್ಥದಲ್ಲಿ ಅದು ಸಾಧ್ಯವಿಲ್ಲ. ತೆಲುಗಿನಲ್ಲೂ ‘ಏದೋ ಊರಿಕಿ’, ‘ಏ ಊರಿಕೋ’ ಎರಡೂ ಉಂಟು. ನಿಷೇಧದಲ್ಲಿ ‘ಏ ಊರಿಕೀ’ ಎಂಬುದೊಂದೇ. ಅಸಮತೆಯೂ ಎರಡು ಭಾಷೆಗಳಿಗೆ ಸಮಾನವಾಗಿದೆ ಎಂಬುದೇ ನಮ್ಮ ವಾದಕ್ಕೆ ಬಲವಾದ ಸಾಕ್ಷ್ಯ.

ಇದಕ್ಕೆ ಕಾರಣವೇನು? ಊ ಸ್ವತಃ ನಿಷೇಧವಲ್ಲ (‘ಅವನೂ ಬಂದ’). ಇಂಥ ವಾಕ್ಯಗಳಲ್ಲಿ ಅದು ಕ್ರಿಯಾಪದದ ‘ಇಲ್ಲ’ದೊಂದಿಗೆ ಕೂಡಿಯೇ ಅರ್ಥ ಕೊಡುತ್ತದೆ. ಆದ್ದರಿಂದ ಪದಪುಂಜದ ಅಂಚಿನಲ್ಲಿ, ಕ್ರಿಯಾಪದಕ್ಕೆ ಕಾಣುವಂತೆ ನಿಲ್ಲಬೇಕಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಓ ವಕ್ತೃವಿನ ಅರಿವಿಗೆ ಸಂಬಂಧಿಸಿದ್ದು. ಅದಕ್ಕೆ ಈ ನಿರ್ಬಂಧವಿಲ್ಲ. ಹೀಗಾಗಿ ಅದು ಮೆಲ್ಲಗೆ ಪದದ ಒಳಕ್ಕೆ ಸರಿಯುತ್ತಿದೆ: ‘ಯಾರೋ ಒಬ್ಬರ ಜೊತೆ’ ಎಂಬಲ್ಲಿ ವಿಭಕ್ತಿ ‘ಒಬ್ಬರ’ ಮೇಲೆ ಬಿದ್ದಿದೆ, ‘ಯಾರೋ’ ಅಖಂಡ ಪದದಂತೆ ನಡೆದುಕೊಳ್ಳುತ್ತದೆ. ಇಂಥ ಚಲನೆ ಬೇರೆಡೆಯೂ ಉಂಟು. ಜಾರ್ಜಿಯನ್ ಭಾಷೆಯ ‘ರಾಸ್‌ಮೆ’ ಎಂಬ ರೂಪದಲ್ಲಿ ನಡುವೆ ಇದ್ದ ವಿಭಕ್ತಿ ಕಾಲಾಂತರದಲ್ಲಿ ಹೊರಬಂದು ‘ರಾಮೆಸ್’ ಆಗಿದೆ.

ಕ್ರಿಯಾವಿಶೇಷಣಗಳಲ್ಲಿ ಸ್ಥಾನದ ನಿಯಮ ಅದೇ: ಎಲ್ಲಿಗೋ, ಎಲ್ಲಿಂದಲೋ, ಎಲ್ಲಿಯವರೆಗೋ. ಅರ್ಥ ಮಾತ್ರ ಅಲ್ಲಲ್ಲಿ ದಾರಿ ತಪ್ಪುತ್ತದೆ. ‘ಯಾರೂ ಬಂದರು’ ಎನ್ನಲಾಗದಿದ್ದರೂ ‘ಯಾವಾಗಲೂ ಬರುತ್ತಾರೆ’ ಎನ್ನಬಹುದು. ‘ಎಲ್ಲೂ’ ನಿಷೇಧವನ್ನು ಬೇಡುತ್ತದೆ, ದ್ವಿರುಕ್ತಿಯಾದ ‘ಎಲ್ಲೆಲ್ಲೂ’ ಬೇಡುವುದಿಲ್ಲ. ‘ಎಷ್ಟೋ’ ಎಂದರೆ ಇಷ್ಟೆಂದು ತಿಳಿಯದ್ದಲ್ಲ, ಬಹಳ.

ಇಂಗ್ಲಿಷಿನಲ್ಲಿ ಸಮ್, ಎನಿ, ನೋ, ಎವ್ರಿ ಎಂಬ ಅಂಶಗಳು ಪದದ ತಲೆಗೇ ಬೆಸೆದುಕೊಂಡಿವೆ. ‘ನೋ ಒನ್’ ಇಂದಿಗೂ ಬಿಡಿಯಾಗಿ ಬರೆಯಲ್ಪಡುವುದು ಹಳೆಯ ಸ್ಥಿತಿಯ ಕುರುಹು. ಪೂರ್ವಸರ್ಗವು ಈ ಬೆಸುಗೆಯ ಹೊರಗೆ ನಿಲ್ಲುತ್ತದೆ: ವಿತ್ ಎನಿಒನ್, ಫ್ರಮ್ ಸಮ್‌ವೇರ್. ಕನ್ನಡದಲ್ಲಿ ಒಳಗಿರುವುದು ಇಲ್ಲಿ ಹೊರಗೆ, ಹೊರಗಿರುವುದು ಒಳಗೆ. ಯೂರೋಪಿನ ಭಾಷೆಗಳೆಲ್ಲ ಹೀಗೆಯೇ ಎನ್ನುವಂತಿಲ್ಲ. ರಷ್ಯನ್ನಿನ ‘ನಿ ಸ್ ಕೆಮ್’ನಲ್ಲಿ ನಿಷೇಧದ ‘ನಿ’ಗೂ ಸರ್ವನಾಮಕ್ಕೂ ನಡುವೆ ಪೂರ್ವಸರ್ಗ ನುಗ್ಗಿದೆ. ‘ಎಲ್ಲಿಗೋ’ ಎಂಬುದಕ್ಕೆ ಸಾಮಾನ್ಯವಾಗಿ ಬರಿಯ ‘ಸಮ್‌ವೇರ್’ ಸಾಕು, ‘ಟು’ ಬೇಕಿಲ್ಲ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಮತ್ತೊಂದು ತೊಡಕು.

ಈಗ ಮೊದಲಿನ ಎರಡು ವಾಕ್ಯಗಳು. ‘ಯಾರೂ ಬರಲಿಲ್ಲ’ ಎಂಬಲ್ಲಿ ಸರ್ವನಾಮ ಮೊದಲು, ನಿಷೇಧ ಕೊನೆಗೆ. ಇಂಗ್ಲಿಷಿನ ‘ಎನಿ’ ನಿಷೇಧದ ನಂತರವೇ ಬರಬೇಕು. ಕರ್ತೃಸ್ಥಾನ ನಿಷೇಧಕ್ಕಿಂತ ಮುಂಚಿನದು. ಆದ್ದರಿಂದ ಅಲ್ಲಿ ‘ನೋ ಒನ್ ಕೇಮ್’ ಎನ್ನದೆ ಗತಿಯಿಲ್ಲ. ಎರಡನೆಯ ವಾಕ್ಯದಲ್ಲಿ ವಿದ್ಯಾರ್ಥಿಯು ಊ ಇರುವ ಜಾಗಕ್ಕೆ ‘ನೋ’ ಇಟ್ಟಿದ್ದಾನೆ. ‘ಯಾರೂ’ ಎಂದರೆ ‘ನೋ ಒನ್’ ಎಂದು ಕಲಿಸುವ ಪದಪಟ್ಟಿಗಳಿಗೂ ಇದರಲ್ಲಿ ಪಾಲುಂಟು. ಎರಡೂ ವಾಕ್ಯಗಳ ಹಿಂದಿರುವ ವಿನ್ಯಾಸ ಕನ್ನಡಕ್ಕೂ ತೆಲುಗಿಗೂ ಒಂದೇ. ಧಾರವಾಡದ ಕನ್ನಡ ಮನೆಯ ವಿದ್ಯಾರ್ಥಿಗೂ ಇವನ್ನು ಬರೆಯಲು ಅಷ್ಟೇ ಕಾರಣವಿದೆ. ತೆಲುಗಿನ ಪ್ರಭಾವವನ್ನು ಹುಡುಕುವವರು ಎರಡು ಭಾಷೆಗಳು ಬೇರೆಯಾಗುವ ಕಡೆ ಹುಡುಕಬೇಕು. ಇಲ್ಲಿ ಅವು ಬೇರೆಯಾಗುವುದಿಲ್ಲ.

ತರಗತಿಯಲ್ಲಿ ಪದಪಟ್ಟಿಗಿಂತ ಜೋಡಿ ವಾಕ್ಯಗಳು ಹೆಚ್ಚು ಪ್ರಯೋಜನಕಾರಿ. ‘ಯಾರ ಜೊತೆಗೂ ಮಾತಾಡಲಿಲ್ಲ’, ‘ಎವರಿತೋನೂ ಮಾಟ್ಲಾಡಲೇದು’ ಎಂಬ ಎರಡನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಕೊನೆಯ ದೀರ್ಘ ಸ್ವರಕ್ಕೆ ಗೆರೆ ಎಳೆದು, ಇಂಗ್ಲಿಷಿನಲ್ಲಿ ಆ ಗೆರೆ ‘ಎನಿ’ಯ ಕೆಳಗೆ ಬೀಳುವುದನ್ನು ತೋರಿಸಬಹುದು. ‘ಎಲ್ಸ್’ ಎಂಬ ಕ್ರಿಯಾವಿಶೇಷಣವನ್ನು ಇದರ ನಂತರ ತೆಗೆದುಕೊಳ್ಳುವುದು ಒಳ್ಳೆಯದು. ಕನ್ನಡದ ‘ಬೇರೆ ಯಾರದೋ’ ಎಂಬಲ್ಲಿ ‘ಬೇರೆ’ ಮುಂದೆ ನಿಂತು ಷಷ್ಠಿಗೆ ತಲೆಹಾಕುವುದಿಲ್ಲ. ಇಂಗ್ಲಿಷಿನ ‘ಸಮ್‌ಒನ್ ಎಲ್ಸಸ್’ ಎಂಬಲ್ಲಿ ಹಿಂದೆ ಬಂದ ಎಲ್ಸ್ ಷಷ್ಠಿಯ ಗುರುತನ್ನು ತಾನೇ ಹೊತ್ತುಕೊಳ್ಳುತ್ತದೆ.