ಕರಿ ಬಿಯರಿನಲ್ಲಿ ಮೆಕ್ಕೆಜೋಳದ ಋಣ, ವೆನಿಲಾ ಘಮ

ಮಳೆಗಾಲ ಮುಗಿಯುವ ಹೊತ್ತಿಗೆ ಹರಪನಹಳ್ಳಿ ಸೀಮೆಯಲ್ಲಿ ಎತ್ತ ತಿರುಗಿದರೂ ಮೆಕ್ಕೆಜೋಳ. ತುಂಗಭದ್ರೆಯ ದಂಡೆಯ ಹಲವಾಗಲಿನಂಥ ಊರುಗಳಲ್ಲಿ ನದಿಯ ನೀರು ಹತ್ತುವ ಕಡೆ ಭತ್ತ. ಹತ್ತದ ಬೆದ್ದಲಿನಲ್ಲಿ ಮೆಕ್ಕೆಜೋಳ. ತೆನೆ ಮುರಿದು, ಮಷೀನಿಗೆ ಹಾಕಿ ಕಾಳು ಬಿಡಿಸಿ, ಹರವಿ ಒಣಗಿಸಿ, ಚೀಲ ಹೊಲಿದು ಮಾರುಕಟ್ಟೆಗೆ ಸಾಗಿಸಿದರೆ ರೈತನ ಪಾಲಿಗೆ ಆ ವರ್ಷದ ಕಥೆ ಮುಗಿಯಿತು. ಮುಂದೆ ಅದು ಕೋಳಿಗಳ ಮೇವಾಗುತ್ತದೆ, ಪಿಷ್ಟವಾಗುತ್ತದೆ, ಈಚೆಗೆ ಎಥನಾಲ್ ಕೂಡ ಆಗುತ್ತದೆ.

ಇದೇ ಮೆಕ್ಕೆಜೋಳ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ವಿಸ್ಕಿಯಾಗುತ್ತದೆ. ಆ ವಿಸ್ಕಿ ವರ್ಷಗಟ್ಟಲೆ ಮಲಗಿದ್ದ ಮರದ ಪೀಪಾಯಿ ಬರಿದಾದ ಮೇಲೆ ಅದರೊಳಗೆ ಕಪ್ಪು ಬಿಯರ್ ಹೊಗುತ್ತದೆ. ಅದಕ್ಕೆ ವೆನಿಲಾ ಕೋಡು ಜೊತೆಯಾಗುತ್ತದೆ. ಹೀಗೆ ಹುಟ್ಟುವ ಪಾನೀಯಕ್ಕೆ 'ಬ್ಯಾರಲ್ ಏಜ್ಡ್ ವೆನಿಲಾ ಸ್ಟೌಟ್' ಎಂದು ಹೆಸರು. ಜಗತ್ತಿನ ಬಿಯರ್ ಪ್ರಿಯರು ಇದನ್ನು ಗಟಗಟ ಕುಡಿಯುವುದಿಲ್ಲ. ಸಣ್ಣ ಲೋಟದಲ್ಲಿ ಹಿಡಿದು, ಮೂಸಿ, ಗುಟುಕರಿಸಿ, ಅದರ ರುಚಿಯ ಬಗ್ಗೆ ಚರ್ಚೆ ಮಾಡುತ್ತಾರೆ. ಕುಡಿಯುವವರಿಗೆ ಅದು ಶೋಕಿ ಇರಬಹುದು. ಕುಡಿಯದವರಿಗೂ ಈ ಲೋಟದಲ್ಲಿ ತಿಳಿಯುವಂಥದ್ದು ಸಾಕಷ್ಟಿದೆ. ಏಕೆಂದರೆ ಇದರ ಬಹುಪಾಲು ರುಚಿ ಹುಟ್ಟುವುದು ಕಾಯುವುದರಿಂದ. ಕಾದವರಿಗೆಲ್ಲ ಫಲ ಒಂದೇ ಸಮನಾಗಿ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಕಪ್ಪು ಬಣ್ಣ ಬಂದದ್ದೆಲ್ಲಿಂದ?

ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಮಾಲ್ಟ್ ಮಾಡುವುದು ನಮ್ಮ ಮನೆಗಳಿಗೆ ಹೊಸದಲ್ಲ. ಬಿಯರಿನ ಮೊದಲ ಹೆಜ್ಜೆಯೂ ಅದೇ. ರಾಗಿಯ ಬದಲು ಬಾರ್ಲಿ, ಅಷ್ಟೆ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ನೆನೆಸಿದರೆ ಪಿಷ್ಟ ಸಕ್ಕರೆಯಾಗಿ ಸಿಹಿನೀರು ಇಳಿಯುತ್ತದೆ. ಅದಕ್ಕೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಹುಳಿತು ಬಿಯರಾಗುತ್ತದೆ. ಬಾರ್ಲಿಯನ್ನು ಹದವಾಗಿ ಒಣಗಿಸಿದರೆ ಹೊಂಬಣ್ಣದ ಬಿಯರ್. ಒಂದು ಪಾಲನ್ನು ಕಾಫಿಬೀಜದಂತೆ ಕಪ್ಪಗೆ ಹುರಿದು ಸೇರಿಸಿದರೆ ಸ್ಟೌಟ್.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಹಮಾಲರ ಅಚ್ಚುಮೆಚ್ಚಿನ ಪಾನೀಯವಾಗಿದ್ದ 'ಪೋರ್ಟರ್' ಎಂಬ ಕಂದು ಬಿಯರ್ ಇದರ ಪೂರ್ವಜ. ಅದರಲ್ಲಿ ಗಟ್ಟಿಯಾದದ್ದನ್ನು 'ಸ್ಟೌಟ್ ಪೋರ್ಟರ್' ಎಂದರು. ಬರಬರುತ್ತಾ ಹಿಂದಿನ ವಿಶೇಷಣವೇ ಹೆಸರಾಗಿ ಉಳಿಯಿತು. 1759ರಲ್ಲಿ ಆರ್ಥರ್ ಗಿನ್ನೆಸ್ ಎಂಬಾತ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಒಂದು ಬಿಯರ್ ಕಾರ್ಖಾನೆಯನ್ನು ವರ್ಷಕ್ಕೆ 45 ಪೌಂಡಿನಂತೆ ಒಂಬತ್ತು ಸಾವಿರ ವರ್ಷಗಳ ಗುತ್ತಿಗೆಗೆ ಹಿಡಿದ. ಕಾಯುವ ವಿಷಯದಲ್ಲಿ ಆತನ ನಂಬಿಕೆ ದೊಡ್ಡದು! 1817ರಲ್ಲಿ ಡೇನಿಯಲ್ ವ್ಹೀಲರ್ ತಿರುಗುವ ಡ್ರಮ್ಮಿನಲ್ಲಿ ಬಾರ್ಲಿಯನ್ನು ಕರಕಲಾಗದಂತೆ ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಸ್ಟೌಟಿಗೆ ಇಂದಿನ ಬಣ್ಣ ಬಂತು.

ಕರ್ನಾಟಕಕ್ಕೂ ಈ ಬಗೆ ತೀರ ಅಪರಿಚಿತವಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗಾಗಿ ಹಡಗಿನಲ್ಲಿ ಪೀಪಾಯಿಗಟ್ಟಲೆ ಪೋರ್ಟರ್ ಬರುತ್ತಿತ್ತು. ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ನೆಲೆಗೊಂಡಿತು. ಮುಂದೆ ದಕ್ಷಿಣ ಭಾರತದ ಹಲವು ಸಣ್ಣ ಕಾರ್ಖಾನೆಗಳನ್ನು ಒಗ್ಗೂಡಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಕಾಲಕ್ರಮದಲ್ಲಿ ತಣ್ಣಗಿನ ಹೊಂಬಣ್ಣದ ಲಾಗರ್ ಬಿಯರೇ ಎಲ್ಲೆಡೆ ಹಬ್ಬಿ, ಕರಿ ಬಿಯರ್ ಮೂಲೆಗೆ ಸರಿಯಿತು. 2010ರ ನಂತರ ಬೆಂಗಳೂರಿನಲ್ಲಿ ತಾವೇ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಕಿರು ಕಾರ್ಖಾನೆಗಳು ತಲೆ ಎತ್ತಿದ ಮೇಲೆ ಸ್ಟೌಟ್ ಮತ್ತೆ ನಮ್ಮ ನೆಲದಲ್ಲಿ ಕಾಣಿಸಿಕೊಂಡಿತು.

ಒಮ್ಮೆ ತುಂಬಿದ ಪೀಪಾಯಿ

ಇನ್ನು ಪೀಪಾಯಿಯ ವಿಷಯ. ಅಮೆರಿಕದ ಬರ್ಬನ್ ವಿಸ್ಕಿಗೆ ಕಟ್ಟುನಿಟ್ಟಿನ ಕಾನೂನುಂಟು. ಅದರ ಧಾನ್ಯದಲ್ಲಿ ಶೇಕಡ 51ಕ್ಕೆ ಕಡಿಮೆಯಿಲ್ಲದಂತೆ ಮೆಕ್ಕೆಜೋಳವೇ ಇರಬೇಕು. ಒಳಗೋಡೆಯನ್ನು ಬೆಂಕಿಯಲ್ಲಿ ಸುಟ್ಟ ಹೊಚ್ಚಹೊಸ ಓಕ್ ಮರದ ಪೀಪಾಯಿಯಲ್ಲೇ ಅದನ್ನು ತುಂಬಬೇಕು. ಅಂದರೆ ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ಇಡುವಂತಿಲ್ಲ. ಸುಮಾರು 200 ಲೀಟರ್ ಹಿಡಿಯುವ ಗಟ್ಟಿಮುಟ್ಟಾದ ಪೀಪಾಯಿಯನ್ನು ಒಲೆಗೆ ಹಾಕಲಾದೀತೆ? ಅವು ಹಡಗು ಹತ್ತಿ ಸ್ಕಾಟ್ಲೆಂಡಿಗೆ, ಭಾರತಕ್ಕೆ, ಇನ್ನೆಲ್ಲಿಗೋ ಹೋಗುತ್ತವೆ. 1990ರ ದಶಕದಲ್ಲಿ ಷಿಕಾಗೋ ನಗರದ ಗೂಸ್ ಐಲ್ಯಾಂಡ್ ಎಂಬ ಬಿಯರ್ ಸಂಸ್ಥೆ ಇಂಥ ಪೀಪಾಯಿಗಳಲ್ಲಿ ಗಟ್ಟಿ ಸ್ಟೌಟ್ ತುಂಬಿಟ್ಟಿತು. ಅಲ್ಲಿಂದ ಈ ಬಗೆಗೆ ಹೆಸರು ಬಂತು.

ಸುಟ್ಟ ಮರ ಮಾಡುವ ಕೆಲಸ ಸ್ವಾರಸ್ಯಕರ. ಮರಕ್ಕೆ ಬಿಗಿ ಕೊಡುವ ಲಿಗ್ನಿನ್ ಎಂಬ ವಸ್ತು ಬೆಂಕಿಯ ಕಾವಿಗೆ ಒಡೆದು ಹಲವು ಸಣ್ಣ ಘಮಗಳಾಗುತ್ತದೆ. ಅದರಲ್ಲೊಂದು ವೆನಿಲಿನ್. ವೆನಿಲಾ ಕೋಡಿನ ಪರಿಮಳಕ್ಕೆ ಮುಖ್ಯ ಕಾರಣವಾದ ವಸ್ತುವೂ ಅದೇ! ಹಾಗಾಗಿ ಒಂದೇ ಒಂದು ವೆನಿಲಾ ಕೋಡು ಹಾಕದಿದ್ದರೂ ಪೀಪಾಯಿಯ ಬಿಯರಿನಲ್ಲಿ ತೆಳುವಾಗಿ ವೆನಿಲಾ ಸುಳಿಯುತ್ತದೆ. ಓಕ್ ಮರದ ಇನ್ನೊಂದು ಅಂಶ ಕೊಬ್ಬರಿಯ ವಾಸನೆ ಕೊಡುತ್ತದೆ. ಬೇಸಿಗೆಯಲ್ಲಿ ದ್ರವ ಹಿಗ್ಗಿ ಮರದೊಳಕ್ಕೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹಿಂದೆ ಬರುತ್ತದೆ. ಬರುವಾಗ ಮರದ ಸಾರವನ್ನೂ, ಮರ ಹೀರಿಟ್ಟುಕೊಂಡಿದ್ದ ಹಳೆಯ ವಿಸ್ಕಿಯನ್ನೂ ಹೊತ್ತು ತರುತ್ತದೆ. ಇದಕ್ಕೆ ತಿಂಗಳುಗಳು ಬೇಕು. ಕೆಲವರು ವರ್ಷವಿಡೀ ಕಾಯುತ್ತಾರೆ.

ಕಾಯುವುದರಲ್ಲಿ ಅಪಾಯವೂ ಉಂಟು. ಮರದ ಸಂದಿನಲ್ಲಿ ಬ್ಯಾಕ್ಟೀರಿಯಾ ಸೇರಿದರೆ ವರ್ಷದ ಶ್ರಮ ಹುಳಿಯಾಗುತ್ತದೆ. 2015ರಲ್ಲಿ ಹೊರತಂದ ಬಿಯರುಗಳಲ್ಲಿ ಕೆಲವು ಹೀಗೆ ಹುಳಿ ಹಿಡಿದು, ಗೂಸ್ ಐಲ್ಯಾಂಡ್ ಸಂಸ್ಥೆಯೇ 2016ರಲ್ಲಿ ಗ್ರಾಹಕರಿಗೆ ಹಣ ಮರಳಿಸಬೇಕಾಯಿತು.

ನಮ್ಮ ಬಿಸಿಲಿನಲ್ಲಿ ಪೀಪಾಯಿಗೆ ಅವಸರ ಹೆಚ್ಚು. ಇದನ್ನು ಚೆನ್ನಾಗಿ ಬಲ್ಲದ್ದು 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್. ಅಮೆರಿಕದಿಂದ ಬಂದ ಬರ್ಬನ್ ಪೀಪಾಯಿಗಳಲ್ಲಿ ಬಾರ್ಲಿಯ ವಿಸ್ಕಿ ಮಾಗಿಸಿ, 2004ರಲ್ಲಿ ಅದನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಮಾರಾಟಕ್ಕಿಟ್ಟ ಸಂಸ್ಥೆ ಅದು. ಪೀಪಾಯಿಯಿಂದ ಆವಿಯಾಗಿ ಹೋಗುವ ಪಾಲಿಗೆ ಆ ಕಸುಬಿನವರು 'ದೇವತೆಗಳ ಪಾಲು' ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇಕಡ 2. ಬೆಂಗಳೂರಿನಲ್ಲಿ 10ರಿಂದ 12! ನಮ್ಮ ದೇವತೆಗಳಿಗೆ ಬಾಯಾರಿಕೆ ಜಾಸ್ತಿ ಅನ್ನಿ. ಆದರೆ ಆ ನಷ್ಟಕ್ಕೆ ಪ್ರತಿಯಾಗಿ ಮರದ ರುಚಿ ಬೇಗನೆ ಇಳಿಯುತ್ತದೆ. ಇಲ್ಲಿ ಪೀಪಾಯಿಯಲ್ಲಿ ಬಿಯರ್ ಮಾಗಿಸುವವರೂ ದಿನ ಎಣಿಸಬೇಕು, ಆಗಾಗ ರುಚಿ ನೋಡಬೇಕು. ತಡವಾದರೆ ಬಿಯರ್ ಹೋಗಿ ಬರೀ ಮರದ ಕಷಾಯ ಉಳಿದೀತು.

ಮೂಗು ಮೊದಲು, ನಾಲಗೆ ಆಮೇಲೆ

ಇಂಥ ಬಿಯರಿನ ರುಚಿ ನೋಡುವ ಕ್ರಮವೇ ಬೇರೆ. ಮಂಜುಗಡ್ಡೆಯಂತೆ ತಣ್ಣಗಿದ್ದರೆ ನಾಲಗೆ ಮರಗಟ್ಟಿ ಏನೂ ತಿಳಿಯುವುದಿಲ್ಲ. ಹನ್ನೆರಡು–ಹದಿನಾಲ್ಕು ಡಿಗ್ರಿ, ಅಂದರೆ ಮಣ್ಣಿನ ಹೂಜಿಯ ನೀರಿಗಿಂತ ತುಸು ತಂಪಾಗಿದ್ದರೆ ಸಾಕು. ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಲೋಟದಲ್ಲಿ ಅರ್ಧಕ್ಕಿಂತ ಕಡಿಮೆ ಸುರಿಯಬೇಕು. ಬಣ್ಣ ಕಾಫಿ ಡಿಕಾಕ್ಷನ್ನಿನಂತೆ ಕಪ್ಪು. ನೊರೆ ಕೆನೆಯಂತಲ್ಲ, ಕಂದು.

ಮೊದಲು ಮೂಗಿನದೇ ಕೆಲಸ. ಲೋಟ ಅಲುಗಿಸಿ ಮೂಸಿದರೆ ಕಾಫಿ, ಚಾಕೊಲೇಟಿನ ವಾಸನೆ. ಅವೆರಡನ್ನೂ ಹಾಕಿರಬೇಕೆಂದಿಲ್ಲ, ಹುರಿದ ಬಾರ್ಲಿಯೇ ಆ ಭ್ರಮೆ ಹುಟ್ಟಿಸುತ್ತದೆ. ಅದರ ಹಿಂದೆ ಮರದ, ಕೊಬ್ಬರಿಯ, ವೆನಿಲಾದ ಘಮ. ಗುಟುಕು ಬಾಯಿಗಿಟ್ಟರೆ ಜೋನಿಬೆಲ್ಲದ ಸಿಹಿ, ಉತ್ತತ್ತಿಯ ಮಂದ ರುಚಿ, ಕೊನೆಗೆ ಕಾವಲಿಯ ಮೇಲೆ ಸೀದ ರೊಟ್ಟಿಯ ಅಂಚಿನ ಕಹಿ. ಗಂಟಲಲ್ಲಿ ಇಳಿಯುವಾಗ ಬೆಚ್ಚಗಾದರೆ ಅದು ಮದ್ಯಸಾರದ ಕೆಲಸ. ಹುಣಸೆಯಂಥ ಹುಳಿ ತಟ್ಟಿದರೆ ಪೀಪಾಯಿ ಕೆಟ್ಟಿದೆ ಎಂದು ತಿಳಿಯಬಹುದು. ಜೊತೆಗೆ ದಾವಣಗೆರೆ ಸೀಮೆಯ ಮಂಡಕ್ಕಿ–ಮಿರ್ಚಿ ಸಲ್ಲದು. ಖಾರ ಬಾಯಿ ಹೊಕ್ಕರೆ ವೆನಿಲಾ ಮಾಯ. ಹುರಿದ ಶೇಂಗಾ ಆದೀತು.

ಒಂದು ಎಚ್ಚರ. ಅಮೆರಿಕದಲ್ಲಿ ಇಂಥ ಸ್ಟೌಟಿನ ಮದ್ಯಸಾರ ಶೇಕಡ 12, 14ರವರೆಗೂ ಏರುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮದಲ್ಲಿ ಬಿಯರಿಗೆ ಶೇಕಡ 8ರ ಮಿತಿಯಿದೆ. ಆದ್ದರಿಂದ ಇಲ್ಲಿ ತಯಾರಾಗುವುದು ಅಷ್ಟು ಕಡುವಾಗಿರಲಾರದು. ಹೊರದೇಶದಲ್ಲಿ ಒಂದೇ ಬಾಟಲಿಯನ್ನು ನಾಲ್ಕು ಮಂದಿ ಹಂಚಿಕೊಳ್ಳುವುದು ಜಿಪುಣತನವಲ್ಲ, ವಿವೇಕ.

ಮೂರು ವೆನಿಲಾ

ಲೋಟದಲ್ಲಿರುವ ವೆನಿಲಾ ಮೂರು ಕಡೆಯಿಂದ ಬಂದಿರಬಹುದು: ಮರದಿಂದ, ಬಳ್ಳಿಯಿಂದ, ಕಾರ್ಖಾನೆಯಿಂದ. ಮರದ ವೆನಿಲಾ ತೆಳು, ಕೊಬ್ಬರಿಯ ಜೊತೆಗೂಡಿ ಬರುತ್ತದೆ. ಕಾರ್ಖಾನೆಯದು ಐಸ್‌ಕ್ರೀಮಿನಂತೆ ಮೊದಲ ಕ್ಷಣಕ್ಕೇ ಮೂಗಿಗೆ ರಾಚಿ, ಅಷ್ಟೇ ಬೇಗ ಮಾಯವಾಗುತ್ತದೆ. ಏಕೆಂದರೆ ಅದು ವೆನಿಲಿನ್ ಎಂಬ ಒಂದೇ ವಸ್ತು. ಬಳ್ಳಿಯ ಕೋಡಿನಲ್ಲಿ ವೆನಿಲಿನ್ ಜೊತೆಗೆ ಇನ್ನೂ ನೂರಾರು ಸಣ್ಣ ಅಂಶಗಳಿರುತ್ತವೆ. ಅದರ ಘಮ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಗುಟುಕು ಇಳಿದ ಮೇಲೂ ಬಾಯಲ್ಲಿ ನಿಲ್ಲುತ್ತದೆ.

ಕಾರ್ಖಾನೆಯ ವೆನಿಲಿನ್ ಹುಟ್ಟಿದ್ದು 1874ರಲ್ಲಿ, ಜರ್ಮನಿಯ ವಿಜ್ಞಾನಿಗಳ ಕೈಯಲ್ಲಿ. ಇಂದು ಜಗತ್ತು ಸವಿಯುವ ವೆನಿಲಾ ಸ್ವಾದದಲ್ಲಿ ನಿಜವಾದ ಕೋಡಿನಿಂದ ಬರುವುದು ನೂರರಲ್ಲಿ ಒಂದು ಪಾಲೂ ಇಲ್ಲ. ಉಳಿದದ್ದರ ಬಹುಭಾಗದ ಮೂಲ ಪೆಟ್ರೋಲಿಯಂ.

ಬಳ್ಳಿಯ ವೆನಿಲಾ ಇಷ್ಟು ದುರ್ಲಭವೇಕೆಂದರೆ ಅದು ಬೇಡುವ ದುಡಿಮೆ. ಮೆಕ್ಸಿಕೋ ಮೂಲದ ಈ ಸೀತಾಳೆ ಜಾತಿಯ ಬಳ್ಳಿಯ ಹೂವು ಅರಳಿದ ದಿನವೇ ಬಾಡುತ್ತದೆ. ಅಷ್ಟರೊಳಗೆ ಒಂದೊಂದು ಹೂವಿಗೂ ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಈ ಉಪಾಯವನ್ನು 1841ರಲ್ಲಿ ಕಂಡುಹಿಡಿದವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಅದರಿಂದ ಜಗತ್ತಿನ ವೆನಿಲಾ ವ್ಯಾಪಾರ ಬೆಳೆಯಿತು, ಆತ ಮಾತ್ರ ಬಡವನಾಗಿಯೇ ಸತ್ತ. ಆ ದ್ವೀಪದ ಹಳೆಯ ಹೆಸರೂ ಬರ್ಬನ್. ವಿಸ್ಕಿಯ ಹೆಸರು, ದ್ವೀಪದ ಹೆಸರು ಎರಡರ ಬೇರೂ ಫ್ರಾನ್ಸಿನ ಒಂದೇ ರಾಜಮನೆತನದಲ್ಲಿದೆ. ಒಂದೇ ಲೋಟದಲ್ಲಿ ಎರಡು ಬರ್ಬನ್ ಸೇರುವುದು ಹೀಗೆ.

ಕೋಡು ಬಲಿಯಲು ಒಂಬತ್ತು ತಿಂಗಳು. ಕಿತ್ತಾಗ ಅದಕ್ಕೆ ವಾಸನೆಯೇ ಇಲ್ಲ. ಬಿಸಿನೀರಿನಲ್ಲಿ ಅದ್ದಿ, ಬಿಸಿಲಿಗೆ ಕಾಯಿಸಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ನೆರಳಲ್ಲಿ ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು ಮಾಗಿಸಿದ ಮೇಲೆ ಘಮ ಬರುತ್ತದೆ. ಐದಾರು ಕಿಲೋ ಹಸಿ ಕೋಡಿಗೆ ಒಂದು ಕಿಲೋ ಒಣ ವೆನಿಲಾ.

ಮಲೆನಾಡು ಕಾದದ್ದು

ಈ ಬಳ್ಳಿಯ ಆಸೆ ಒಮ್ಮೆ ಕರ್ನಾಟಕದ ತೋಟಗಳನ್ನೂ ಹಿಡಿದಿತ್ತು. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಮಡಗಾಸ್ಕರಿನ ವೆನಿಲಾ ತೋಟಗಳನ್ನು ನೆಲಕ್ಕೆ ಕೆಡವಿತು. ಬೆಲೆ ಏರುತ್ತಾ 2003ರ ಹೊತ್ತಿಗೆ ಒಣ ವೆನಿಲಾ ಕಿಲೋಗೆ 500 ಡಾಲರ್ ಮುಟ್ಟಿತು. ಮಲೆನಾಡು, ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಅಡಿಕೆ ತೋಟಗಳಲ್ಲಿ ಬಳ್ಳಿ ಹಬ್ಬಿತು. ಬಳ್ಳಿಯ ತುಂಡಿಗೂ ಬೆಲೆ. ಕಳ್ಳರ ಭಯಕ್ಕೆ ರಾತ್ರಿ ಕಾವಲು. ಬೆಳಗಾದರೆ ಮನೆಮಂದಿಯೆಲ್ಲ ಚೂಪುಕಡ್ಡಿ ಹಿಡಿದು ಹೂವಿನ ಬಳಿ.

ಆದರೆ ನೆಟ್ಟ ಬಳ್ಳಿ ಹೂಬಿಡಲು ಮೂರು ವರ್ಷ ಬೇಕು. ಬೆಲೆ ತುದಿಯಲ್ಲಿದ್ದಾಗ ನೆಟ್ಟವನ ಬಳ್ಳಿ ಹೂಬಿಡುವ ಮೊದಲೇ, 2005ರ ಹೊತ್ತಿಗೆ, ಬೆಲೆ 50 ಡಾಲರಿಗೂ ಕೆಳಗೆ ಕುಸಿದಿತ್ತು. ಅದರ ಮೇಲೆ ಕೊಳೆರೋಗ. ಎಷ್ಟೋ ತೋಟಗಳಲ್ಲಿ ಬಳ್ಳಿ ಕಿತ್ತೆಸೆದರು. 2017ರಲ್ಲಿ ಮಡಗಾಸ್ಕರಿಗೆ ಇನ್ನೊಂದು ಚಂಡಮಾರುತ ಬಡಿದು ಬೆಲೆ ಮತ್ತೆ ಮೇಲೇರಿದಾಗ ಕೊಡಲು ಬಳ್ಳಿಯೇ ಇರಲಿಲ್ಲ. ಹೊಸದಾಗಿ ನೆಟ್ಟವರಿಗೂ ಹಳೆಯ ಪಾಠವೇ ಸಿಕ್ಕಿತು: ಬೆಲೆ ಮತ್ತೆ ಇಳಿಯಿತು.

ಇದೇ ಮಲೆನಾಡಿನ ಮಳೆಯೇ ತುಂಗಭದ್ರೆಯಾಗಿ ಹಲವಾಗಲಿನ ದಂಡೆಗೆ ಬರುತ್ತದೆ. ಇಲ್ಲಿನ ಮೆಕ್ಕೆಜೋಳದವನ ಪಾಡು ತುಸು ಬೇರೆ. ಆತನಿಗೆ ಕಾಯಲು ಬಿಡುವೇ ಇಲ್ಲ. ಸಾಲ, ತೇವ, ಜಾಗದ ಅಭಾವ ಮೂರೂ ಸೇರಿ ಕಟಾವಾದ ಕೂಡಲೇ ಮಾರಿಸುತ್ತವೆ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಸಿಗುತ್ತಿಲ್ಲವೆಂದು 2025ರ ಕೊನೆಯಲ್ಲಿ ರಾಜ್ಯದ ರೈತರು ಬೀದಿಗಿಳಿದಿದ್ದರು.

ಪೀಪಾಯಿ ಕಾದರೆ ಬಿಯರಿನ ಬೆಲೆ ಏರುತ್ತದೆ. ಉಗ್ರಾಣ, ಬಂಡವಾಳ, ಕಾನೂನಿನ ಬಲ ಇದ್ದವರಿಗೆ ಕಾಲವೇ ಲಾಭ. ಬಳ್ಳಿಯವನು ಕಾದು ಸೋತ. ಕಾಳಿನವನಿಗೆ ಕಾಯಲು ಆಗಲೇ ಇಲ್ಲ. ಉಗ್ರಾಣದಲ್ಲಿ ಕಾಳಿಟ್ಟು ಅದರ ಮೇಲೆ ಸಾಲ ಪಡೆಯುವ ವ್ಯವಸ್ಥೆ ಸಣ್ಣ ರೈತನ ಕೈಗೆ ಎಟುಕಿದರೆ, ವೆನಿಲಾ ಕೊಳ್ಳುವವರು ಬಳ್ಳಿ ಹೂಬಿಡುವ ಮೊದಲೇ ಬೆಲೆಗೆ ಒಪ್ಪಂದ ಮಾಡಿಕೊಂಡರೆ, ಕಾಯುವ ಶಕ್ತಿ ಇವರಿಗೂ ಬಂದೀತು. ಬಿಯರ್ ಸವಿಯುವವರು ಮಾಡಬಹುದಾದ ಸಣ್ಣ ಕೆಲಸವೂ ಒಂದಿದೆ: ಬಾಟಲಿಯ ಮೇಲಿನ ಚೀಟಿ ಓದುವುದು. ಅಲ್ಲಿ 'ವೆನಿಲಾ ಬೀನ್ಸ್' ಎಂದಿದೆಯೋ, ಬರೀ 'ಫ್ಲೇವರ್' ಎಂದಿದೆಯೋ? ಕೊಟ್ಟ ಹಣದಲ್ಲಿ ಒಂದಿಷ್ಟಾದರೂ ಬಳ್ಳಿ ಬೆಳೆದವನಿಗೆ ಮುಟ್ಟುತ್ತದೆಯೋ ಇಲ್ಲವೋ ಎಂಬುದಕ್ಕೆ ಸದ್ಯಕ್ಕೆ ಸಿಗುವ ಗುರುತು ಅದೊಂದೇ.