ನೋಟವೂ ಊಟವೂ: ಮೈಸೂರಿನಲ್ಲಿ ಒಂದು ದಿನ

ಪರಸ್ಥಳದಿಂದ ಬಂದವರಿಗೆ ಊರಿನವರು ಮಾಡುವ ಉಪಚಾರದಲ್ಲಿ ಒಂದು ದೋಷವುಂಟು. ತಮ್ಮ ಊರಿನಲ್ಲಿ ನೋಡತಕ್ಕ ಸ್ಥಳಗಳು ಎಷ್ಟಿವೆಯೋ ಅಷ್ಟನ್ನೂ ಒಂದೇ ದಿನದಲ್ಲಿ ತೋರಿಸಿಬಿಡಬೇಕೆಂಬ ಹಟವೇ ಆ ದೋಷ. ನಾವೂ ಇದಕ್ಕೆ ಹೊರತಾದವರಲ್ಲ. ಹಲವು ವರ್ಷಗಳ ಹಿಂದೆ ವೃದ್ಧ ಬಂಧುಗಳೊಬ್ಬರು ಉತ್ತರ ದೇಶದಿಂದ ನಮ್ಮಲ್ಲಿಗೆ ಬಂದಿದ್ದರು. ಬೆಳಗಿನಿಂದ ರಾತ್ರಿಯವರೆಗೆ ಅವರನ್ನು ಅರಮನೆ, ಬೆಟ್ಟ, ಮೃಗಾಲಯ, ಶ್ರೀರಂಗಪಟ್ಟಣ, ಕನ್ನಂಬಾಡಿ ಎಂದು ಸುತ್ತಾಡಿಸಿದೆವು. ಮಧ್ಯಾಹ್ನದ ಆಹಾರವೆಂದರೆ ಗಾಡಿಯಲ್ಲಿಯೇ ತಿಂದ ನಾಲ್ಕು ಬಿಸ್ಕತ್ತು. ರೈಲು ಹೊರಡುವ ಸಮಯದಲ್ಲಿ ಅವರು ಬಹಳ ಸಂಕೋಚದಿಂದ, "ನಿಮ್ಮ ಊರಿನ ಜನ ಏನು ತಿನ್ನುತ್ತಾರೆ?" ಎಂದು ಕೇಳಿದರು. ಅಷ್ಟು ಹೊತ್ತಿಗೆ ಅಂಗಡಿಗಳೆಲ್ಲ ಮುಚ್ಚಿದ್ದುವು. ಅವರು ಮತ್ತೆ ಈ ಕಡೆಗೆ ಬರಲಿಲ್ಲ. ಬರುವಷ್ಟು ಆಯುಸ್ಸೂ ಅವರಿಗಿರಲಿಲ್ಲ.

ಅಂದಿನಿಂದ ನಾವು ಅತಿಥಿಗಳಿಗಾಗಿ ದಿನಚರಿಯನ್ನು ಬೇರೊಂದು ರೀತಿಯಲ್ಲಿ ಹಾಕುತ್ತಿದ್ದೇವೆ. ಅರಮನೆಗೆ ಒಂದು ವೇಳೆಯಿರುವಂತೆ ದೋಸೆಗೂ ಒಂದು ವೇಳೆಯುಂಟು. ಈ ಎರಡು ಗಡಿಯಾರಗಳನ್ನು ಹೊಂದಿಸಿಕೊಳ್ಳುವುದೇ ಇಲ್ಲಿರುವ ಕೆಲಸ.

ಮೊದಲು ವಾರವನ್ನು ಆರಿಸಿಕೊಳ್ಳಬೇಕು. ಸಾಧ್ಯವಾದರೆ ಭಾನುವಾರವೇ ಆಗಲಿ. ಸುಮಾರು ಒಂದು ಲಕ್ಷ ವಿದ್ಯುದ್ದೀಪಗಳಿಂದ ಅರಮನೆಯನ್ನು ಬೆಳಗಿಸುವುದು ಭಾನುವಾರಗಳಲ್ಲಿಯೂ ಸಾರ್ವಜನಿಕ ರಜಾ ದಿನಗಳಲ್ಲಿಯೂ ದಸರೆಯ ಕಾಲದಲ್ಲಿಯೂ. ಅದೂ ಸಂಜೆ ಏಳರ ಸುಮಾರಿಗೆ ಹತ್ತಿ, ಭಾನುವಾರಗಳಲ್ಲಿ ಒಂದು ಗಂಟೆ ತುಂಬುವುದಕ್ಕೆ ಮೊದಲೇ ಆರಿಹೋಗುತ್ತದೆ. ಕನ್ನಂಬಾಡಿಯ ಬೃಂದಾವನದ ಕಾರಂಜಿಗಳ ಸಮಯವೂ ಅದೇ ಸಂಜೆ. ಎರಡನ್ನೂ ಒಂದೇ ದಿನ ನೋಡಲು ಹೊರಟವರು ದಾರಿಯಲ್ಲಿ ವಾಹನಗಳ ಹಿಂಭಾಗವನ್ನು ನೋಡುತ್ತಾರೆ, ಅಷ್ಟೆ. ಒಂದೇ ದಿನವಿದ್ದರೆ ಕನ್ನಂಬಾಡಿಯನ್ನೂ ಶ್ರೀರಂಗಪಟ್ಟಣವನ್ನೂ ಬಿಟ್ಟುಬಿಡತಕ್ಕದ್ದೆಂದು ನಮ್ಮ ಅಭಿಪ್ರಾಯ. 1784ರ ದರಿಯಾ ದೌಲತ್ತಿನ ಗೋಡೆಯ ಚಿತ್ರಗಳು ಅವಸರದಲ್ಲಿ ನೋಡತಕ್ಕವಲ್ಲ. ಅವುಗಳಿಗೆ ಎರಡನೆಯ ದಿನವನ್ನು ಕೊಡಬೇಕು. ಮೃಗಾಲಯಕ್ಕೆ ಮಂಗಳವಾರ ರಜ ಎಂಬುದನ್ನು ಮಕ್ಕಳಿರುವ ಮನೆಯವರು ನೆನಪಿಟ್ಟುಕೊಳ್ಳಬೇಕು.

ದಿನವು ಚಾಮುಂಡಿ ಬೆಟ್ಟದಿಂದ ಪ್ರಾರಂಭವಾಗಲಿ, ಅದೂ ಬಿಸಿಲೇರುವುದಕ್ಕೆ ಮೊದಲು. ಕಾಲಿನಲ್ಲಿ ಶಕ್ತಿಯಿರುವವರು ಸಾವಿರ ಮೆಟ್ಟಿಲುಗಳನ್ನು ಹತ್ತಬಹುದು. ಇಲ್ಲದವರು ಮೇಲಿನವರೆಗೆ ಗಾಡಿಯಲ್ಲಿ ಹೋಗಿ ದೇವಿಯ ದರ್ಶನ ಮಾಡಿ, ಇಳಿಯುವಾಗ ನಂದಿಯ ಬಳಿ ನಿಲ್ಲಬಹುದು. ಸುಮಾರು ಹದಿನಾರು ಅಡಿ ಎತ್ತರದ ಈ ಏಕಶಿಲಾ ನಂದಿಯು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದ್ದು.

ಬೆಟ್ಟದಿಂದ ಇಳಿದವರಿಗೆ ಹಸಿವನ್ನು ಕುರಿತು ಉಪನ್ಯಾಸ ಬೇಕಾಗಿಲ್ಲ. ಅಲ್ಲಿಂದ ನಜರಬಾದಿಗೆ ಬರುವುದು. ಅಲ್ಲಿಯ ಮೈಲಾರಿ ದೋಸೆಯು ಗರಿಗರಿಯಾದ ದೋಸೆಯಲ್ಲ. ಮೆತ್ತನೆಯದು, ಬೆಣ್ಣೆ ಹಾಕಿದ್ದು. ಒಳಗಿರುವುದು ಬೇರೆ ಕಡೆಯ ಆಲೂಗೆಡ್ಡೆಯ ಪಲ್ಯವಲ್ಲ, ಈರುಳ್ಳಿಯ ಸಾಗು. ಮೈಸೂರಿನ ದೋಸೆಯೆಂದರೆ ಕೆಂಪು ಚಟ್ನಿ ಸವರಿದ ಗರಿಯಾದ ದೋಸೆಯೆಂದು ನಂಬಿಕೊಂಡು ಬಂದವರು ಕ್ಷಣಕಾಲ ನಿರಾಶರಾಗುವುದುಂಟು. ಎರಡನೆಯ ದೋಸೆಗೆ ಹೇಳುವಾಗ ಆ ನಿರಾಶೆ ಇರುವುದಿಲ್ಲ. ಚಿಕ್ಕ ಹೋಟೆಲು, ಜನ ಹೆಚ್ಚು. ಕಾಯುವುದಕ್ಕೆ ಅರ್ಧ ಗಂಟೆಯನ್ನು ದಿನಚರಿಯಲ್ಲಿಯೇ ಬರೆದುಕೊಂಡಿರಬೇಕು.

ಹತ್ತು ಗಂಟೆಗೆ ಅರಮನೆಯ ಬಾಗಿಲು ತೆರೆಯುತ್ತದೆ. ತೆರೆಯುವಾಗಲೇ ಒಳಗೆ ಹೋಗುವುದು ಮೇಲು. ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಈಗಿನ ಕಟ್ಟಡವು 1912ರಲ್ಲಿ ಪೂರ್ಣವಾಯಿತು. ಕಲ್ಯಾಣ ಮಂಟಪದ ಗೋಡೆಗಳಲ್ಲಿರುವ ದಸರೆಯ ಮೆರವಣಿಗೆಯ ಚಿತ್ರಗಳ ಮುಂದೆ ನಿಂತು ಒಂದೊಂದು ಮುಖವನ್ನೂ ನೋಡಬೇಕು. ಬಹುಮಂದಿ ಮೇಲಿನ ಬಣ್ಣದ ಗಾಜನ್ನು ನೋಡುತ್ತ ಇವನ್ನು ದಾಟಿಬಿಡುತ್ತಾರೆ.

ಮಧ್ಯಾಹ್ನದ ಊಟಕ್ಕೆ ರಾಗಿಮುದ್ದೆಯನ್ನೂ ಬಸ್ಸಾರನ್ನೂ ಬಡಿಸುವ ಸ್ಥಳವನ್ನು ವಿಚಾರಿಸಿಕೊಳ್ಳಿರಿ. ಅರಮನೆಯ ಸೀಮೆಯೆಂದು ಪ್ರಸಿದ್ಧವಾದರೂ ಇದು ರಾಗಿಯ ಸೀಮೆ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕೆಂದು ಅತಿಥಿಗಳಿಗೆ ಮೊದಲೇ ತಿಳಿಸಿದರೆ ಒಳ್ಳೆಯದು. ಮಾಂಸಾಹಾರವುಳ್ಳವರಿಗೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವು ಪ್ರಸಿದ್ಧವಾಗಿದೆ.

ಬಿಸಿಲಿನ ಹೊತ್ತಿಗೆ ಜಗನ್ಮೋಹನ ಅರಮನೆಯ ಚಿತ್ರಶಾಲೆ ತಕ್ಕದ್ದು. ರವಿವರ್ಮನ ಚಿತ್ರಗಳೂ, ಹಲ್ದಂಕರರು ಬರೆದ ದೀಪ ಹಿಡಿದ ಹೆಂಗಸಿನ ಚಿತ್ರವೂ ಇಲ್ಲಿವೆ.

ನಾಲ್ಕು ಗಂಟೆಗೆ ದೇವರಾಜ ಮಾರುಕಟ್ಟೆ. ನೋಟವೂ ಊಟವೂ ಒಂದೇ ಆಗಿರುವ ಸ್ಥಳ ಇದಾದ್ದರಿಂದ ಇಲ್ಲಿ ಅವಸರಪಡಬಾರದು. ಕುಂಕುಮದ ಗೋಪುರಗಳು, ಮೊಳ ಹಾಕಿ ಅಳೆಯುವ ಮಲ್ಲಿಗೆ, ವೀಳ್ಯದೆಲೆಯ ಕಟ್ಟುಗಳು, ಗೊನೆಗೊನೆಯಾಗಿ ತೂಗುವ ಬಾಳೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ಈ ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ರಸಬಾಳೆಯು ಸೊರಗು ರೋಗದಿಂದ ಬಹಳ ವಿರಳವಾಗಿದೆ. ರಸಬಾಳೆಯೆಂದು ಕೂಗಿ ಮಾರುವುದೆಲ್ಲ ರಸಬಾಳೆಯಲ್ಲ. ನಿಜವಾದದ್ದು ಕಂಡರೆ ಬೆಲೆಯನ್ನು ಕೇಳದೆ ಕೊಳ್ಳುವವರಲ್ಲಿ ನಾವೂ ಒಬ್ಬರು. ಕಟ್ಟಡವು ಮಾತ್ರ ಬಹಳ ಜೀರ್ಣವಾಗಿದೆ. 2016ರಲ್ಲಿ ಉತ್ತರ ದಿಕ್ಕಿನ ಹೆಬ್ಬಾಗಿಲಿನ ಭಾಗವು ಕುಸಿದುಬಿದ್ದಿತು. ಕೆಡವಿ ಹೊಸದಾಗಿ ಕಟ್ಟಬೇಕೆ, ಇದ್ದುದನ್ನೇ ಭದ್ರಪಡಿಸಬೇಕೆ ಎಂಬ ವಿವಾದವು ನ್ಯಾಯಾಲಯದವರೆಗೂ ಹೋಯಿತು. ಆದಕಾರಣ ಒಂದೇ ಸ್ಥಳವನ್ನು ನೋಡಲು ಅವಕಾಶವಿದ್ದರೆ ಯಾವುದನ್ನು ನೋಡಲಿ ಎಂದು ಯಾರಾದರೂ ಕೇಳಿದರೆ, ನಾವು ಅರಮನೆಯನ್ನು ಬಿಟ್ಟು ಈ ಮಾರುಕಟ್ಟೆಯನ್ನು ಹೇಳುತ್ತೇವೆ. ಅರಮನೆ ಎಲ್ಲಿಗೂ ಹೋಗುವುದಿಲ್ಲ.

ಮಾರುಕಟ್ಟೆಯ ಹೊರಗೆ, ಸಯ್ಯಾಜಿ ರಾವ್ ರಸ್ತೆಯ ಕಡೆಗೆ, ಮೈಸೂರು ಪಾಕಿನ ಅಂಗಡಿ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡಿಗೆಯವರಾದ ಕಾಕಾಸುರ ಮಾದಪ್ಪನವರು ಈ ಭಕ್ಷ್ಯವನ್ನು ಮೊದಲು ಮಾಡಿದರೆಂದು ಪ್ರಸಿದ್ಧಿಯುಂಟು. ಅವರ ವಂಶದವರೇ ಈ ಅಂಗಡಿಯನ್ನು ನಡೆಸಿಕೊಂಡು ಬಂದಿದ್ದಾರೆ. ಇದಕ್ಕೆ ಬೇಕಾದ ಪದಾರ್ಥಗಳು ಮೂರೇ: ಕಡಲೆಹಿಟ್ಟು, ಸಕ್ಕರೆ, ತುಪ್ಪ. ಎಳೆಪಾಕಕ್ಕೆ ಹಿಟ್ಟನ್ನು ಹಾಕಿ ಕೈಬಿಡದೆ ಮಗುಚುತ್ತ, ಕುದಿಯುವ ತುಪ್ಪವನ್ನು ಸೌಟುಸೌಟಾಗಿ ಹುಯ್ಯಬೇಕು. ಒಂದೊಂದು ಸೌಟಿಗೂ ಹಿಟ್ಟು ನೊರೆಯೆದ್ದು ಉಬ್ಬುತ್ತದೆ; ಗಟ್ಟಿಯಾದ ಪಾಕಿನಲ್ಲಿ ಕಾಣುವ ಜೇನುಗೂಡಿನಂಥ ರಂಧ್ರಗಳು ಹುಟ್ಟುವುದು ಹೀಗೆ. ತಟ್ಟೆಗೆ ಸುರಿದ ಮೇಲೆ ಮೇಲುಭಾಗ ಬೇಗನೆ ಆರುತ್ತದೆ, ನಡುಭಾಗ ಕಾವನ್ನು ಹಿಡಿದಿಟ್ಟುಕೊಂಡು ಇನ್ನೂ ಬೇಯುತ್ತಿರುತ್ತದೆ. ತುಂಡು ಮಾಡಿದಾಗ ನಡುವೆ ಕಾಣುವ ಕಂದು ಬಣ್ಣದ ಪಟ್ಟೆಗೆ ಇದೇ ಕಾರಣ. ಬೆಂಕಿಯಿಂದ ಒಂದು ನಿಮಿಷ ತಡವಾಗಿ ಇಳಿಸಿದರೆ ಕಲ್ಲಾಗುತ್ತದೆಂಬುದನ್ನು ಮನೆಯಲ್ಲಿ ಪ್ರಯತ್ನಿಸಿದವರೆಲ್ಲ ಬಲ್ಲರು.

ಏಳಕ್ಕೆ ಹತ್ತು ನಿಮಿಷವಿರುವಾಗ ಅಲ್ಲಿಂದ ನಡೆದೇ ಅರಮನೆಯ ಮುಂದಕ್ಕೆ ಬರಬಹುದು. ದೀಪಗಳು ಆರಿದ ಮೇಲೆ ಜನಸಂದಣಿ ಒಮ್ಮೆಗೇ ಹೊರಡುವುದರಿಂದ ರಾತ್ರಿಯ ರೈಲಿಗೆ ಹೋಗತಕ್ಕವರು ಸಾಮಾನುಗಳನ್ನು ಮೊದಲೇ ನಿಲ್ದಾಣದಲ್ಲಿ ಇಟ್ಟಿರುವುದು ವಾಸಿ. ಊರಿಗೆ ಒಯ್ಯಲು ಪಾಕನ್ನು ಕೊಳ್ಳುವುದಾದರೆ ಗಟ್ಟಿಯಾದದ್ದನ್ನು ಕೊಳ್ಳಿರಿ. ತುಪ್ಪದಲ್ಲಿ ಮುಳುಗಿದ ಮೆತ್ತನೆಯದು ಪ್ರಯಾಣದಲ್ಲಿ ಪುಡಿಯಾಗಿ ಕಾಗದವನ್ನೆಲ್ಲ ನೆನೆಸುತ್ತದೆ, ಅದನ್ನು ಅಂಗಡಿಯ ಮುಂದೆಯೇ ನಿಂತು ತಿಂದುಬಿಡಬೇಕು.